ಊರೂರಿನ ಮುದ್ರೆ

ಟಪ್!

ಕೂಡ್ಲಿಗಿ ಅಂಚೆ ಕಚೇರಿಯ ಕಿಟಕಿಯಾಚೆ ಮೊಹರು ಮೇಲೆದ್ದು ಕೆಳಗಿಳಿದದ್ದು ಅರೆಕ್ಷಣ. ಹಾಳೆಗೆ ಅಂಟಿಸಿದ್ದ ಅಂಚೆಚೀಟಿಯ ಮೇಲೆ ದುಂಡನೆಯ ಕಪ್ಪು ಗುರುತು ಮೂಡಿತು. ನಡುವೆ ಅಂದಿನ ತಾರೀಖು, ಸುತ್ತ ಊರ ಹೆಸರು. ಆರನೇ ತರಗತಿಯ ನನ್ನ ತಂಗಿಯ ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮಸಿ ಆರುವ ಮೊದಲೇ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, "ಮಾಮಾ, ಒಂದಾಯ್ತು!" ಎಂದಳು. ಒಳಗಿದ್ದವರು ನಕ್ಕು, "ಮುಂದ ಎಲ್ಲೆಲ್ಲಿ ಒತ್ತಿಸ್ತಿ ತಂಗೀ?" ಎಂದು ಕೇಳಿದರು. ಅವಳು ಬೆರಳು ಮಡಚುತ್ತಾ ಹೇಳಿದಳು: ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ.

ವಿಜಯನಗರ ಜಿಲ್ಲೆಯ ಐದು ತಾಲ್ಲೂಕು, ಮೂರು ದಿನ, ಒಂದು ಹಳೆಯ ಕಾರು, ಕೈಯಲ್ಲಿ ಹೊಲಿದ ಒಂದು ನೋಟುಪುಸ್ತಕ. ಶಿವರಾತ್ರಿ ಕಳೆದ ವಾರ. ಹೊಲಗಳಲ್ಲಿ ಜೋಳದ ಕೂಳೆ, ದಾರಿಯ ಎರಡೂ ಬದಿ ಹುಣಸೆಮರ, ಬುಡದಲ್ಲಿ ಕಾಯಿ ಬಡಿಯುವ ಹೆಂಗಸರು.

ಹೋದಲ್ಲೆಲ್ಲ ಮುದ್ರೆ ಒತ್ತಿಸಿಕೊಳ್ಳುವ ಇಂಥ ಪುಸ್ತಕಗಳಿಗೆ ಜಗತ್ತಿನಲ್ಲಿ ದೊಡ್ಡ ಹೆಸರಿದೆ. ಜಪಾನಿನ ಶಿಕೋಕು ದ್ವೀಪದಲ್ಲಿ 88 ಗುಡಿಗಳನ್ನು ಸುತ್ತುವ ಯಾತ್ರಿಕರು ಸುಮಾರು 1,200 ಕಿಲೋಮೀಟರ್ ದಾರಿಯುದ್ದಕ್ಕೂ ಪ್ರತಿ ಗುಡಿಯಲ್ಲಿ ಪುಸ್ತಕಕ್ಕೆ ಕೆಂಪು ಮುದ್ರೆ ಒತ್ತಿಸಿ, ಅದರ ಮೇಲೆ ಕುಂಚದಲ್ಲಿ ಬರೆಸಿಕೊಳ್ಳುತ್ತಾರೆ. ಸ್ಪೇನಿನ ಸಾಂತಿಯಾಗೊಗೆ ನಡೆದು ಹೋಗುವವರ ಬಳಿ ಮಡಚುವ ಚೀಟಿ ಇರುತ್ತದೆ, ತಂಗಿದ ಕಡೆಯೆಲ್ಲ ಅದಕ್ಕೆ ಮುದ್ರೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 1986ರಿಂದ ಪಾಸ್‌ಪೋರ್ಟ್ ಪುಸ್ತಕವಿದೆ. ಅಜ್ಜಂದಿರೂ ಮಕ್ಕಳೂ ಪೈಪೋಟಿಯಿಂದ ತುಂಬಿಸುತ್ತಾರೆ. ನಮ್ಮ ಈ ಸೀಮೆಗೆ ಅಂಥ ಪುಸ್ತಕ ಕೊಳ್ಳಲು ಸಿಗಲಿಲ್ಲ, ನಾವೇ ಮಾಡಿಕೊಂಡೆವು. ಮುದ್ರೆಗೆ ಏನು ಮಾಡುವುದು ಎಂದು ಯೋಚಿಸುವಾಗ ಹೊಳೆಯಿತು: ಊರ ಹೆಸರು, ತಾರೀಖು ಎರಡೂ ಇರುವ ಮೊಹರನ್ನು ಅಂಚೆ ಇಲಾಖೆ ನೂರಾರು ಊರುಗಳಲ್ಲಿ ಇಟ್ಟುಕೊಂಡು ಕೂತೇ ಇದೆ! ಹಾಳೆಗೊಂದು ಅಂಚೆಚೀಟಿ ಅಂಟಿಸಿ, ಕಿಟಕಿಯ ಮುಂದೆ ನಿಂತು, ದಯವಿಟ್ಟು ಇದಕ್ಕೊಂದು ಮೊಹರು ಒತ್ತಿಕೊಡಿ ಎಂದು ಕೇಳುವುದು. ಅಷ್ಟೇ.

ಆದರೆ ದಾರಿಗಿಳಿದ ಮೇಲೆ ನನಗೆ ಗೊತ್ತಾದದ್ದು ಬೇರೆ. ಈ ಸೀಮೆಗೆ ಬಂದವರಿಗೆಲ್ಲ ಗುರುತು ಒತ್ತಿ ಕಳಿಸುವುದು ಇಲ್ಲಿನ ಊರುಗಳ ತಲೆತಲಾಂತರದ ರೂಢಿ. ಒಂದು ಊರು ಹಣೆಗೆ ವಿಭೂತಿ ಬಳಿಯುತ್ತದೆ, ಇನ್ನೊಂದು ಅರಿಶಿಣದ ಭಂಡಾರ ಎರಚುತ್ತದೆ, ಮತ್ತೊಂದು ಮುಡಿಗೆ ಮಲ್ಲಿಗೆ ಇಡುತ್ತದೆ.

ಮೊದಲ ಗುರುತು ಕೂಡ್ಲಿಗಿಯಲ್ಲೇ ಸಿಕ್ಕಿತು. ಹೆದ್ದಾರಿಯಲ್ಲಿ ಹೊಸಪೇಟೆ ಕಡೆ ಓಡುವ ಎಷ್ಟು ಕಾರುಗಳವರಿಗೆ ಗೊತ್ತು, ಈ ಊರಿನಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮ ಇದೆ ಎಂದು? ಸ್ವಾತಂತ್ರ್ಯ ಹೋರಾಟಗಾರರು ತಂದಿಟ್ಟ ಆ ಹಿಡಿ ಬೂದಿಯ ಮೇಲೆ ಹುತಾತ್ಮರ ಸ್ಮಾರಕ ಎದ್ದಿದೆ. ದಿಲ್ಲಿಯ ರಾಜಘಾಟಕ್ಕೆ ಹೋಗಿ ಕೈಮುಗಿದವನು ನಾನು, ಇಲ್ಲಿಗೆ ಬರಲು ಇಷ್ಟು ವರ್ಷ ಬೇಕಾಯಿತು. ಹುಡುಗಿ ತುಂಬ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಮೊಹರಿನ ಕೆಳಗೆ ಪೆನ್ಸಿಲ್ಲಿನಲ್ಲಿ "ಗಾಂಧೀಜಿ ಇಲ್ಲೂ ಇದ್ದಾರೆ" ಎಂದು ಬರೆದಳು.

ಕೂಡ್ಲಿಗಿಯಿಂದ ಪೂರ್ವಕ್ಕೆ ತಿರುಗಿದರೆ ನೆಲದ ಬಣ್ಣ, ಆಕಾಶದ ಅಂಚು ಎರಡೂ ಬದಲಾಗುತ್ತವೆ. ಬಂಡೆ, ಬಂಡೆಯ ಮೇಲೆ ಬಂಡೆ! ಯಾರೋ ಮಕ್ಕಳು ಕಲ್ಲಾಟ ಆಡಿ ಬಿಟ್ಟು ಹೋದಂತೆ ಗುಡ್ಡಗಳು. ಅವುಗಳ ನಡುವೆ ಗುಡೇಕೋಟೆ. ಪಾಳೇಗಾರರ ಕೋಟೆ ಬಂಡೆಯ ಬೆನ್ನಿಗೆ ಅಂಟಿಕೊಂಡೇ ಏರುತ್ತದೆ. ಎಲ್ಲಿ ಬೆಟ್ಟ ಮುಗಿದು ಎಲ್ಲಿ ಗೋಡೆ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಚಿತ್ರದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ತವರು ಇದೇ ಎಂದು ಇಲ್ಲಿನವರು ಹೇಳುತ್ತಾರೆ, ಹೇಳುವಾಗ ಎದೆ ಸೆಟೆಸಿಯೇ ಹೇಳುತ್ತಾರೆ. ಸುತ್ತಲಿನ ಕುರುಚಲು ಗುಡ್ಡಗಳು 2013ರಿಂದ ಕರಡಿಧಾಮ. ಬಂಡೆಗಳ ಸಂದಿನ ತಂಪಿನಲ್ಲಿ ಹಗಲೆಲ್ಲ ಮಲಗಿ, ಹೊತ್ತು ಇಳಿದ ಮೇಲೆ ಗೆದ್ದಲಿಗೂ ಜೇನಿಗೂ ಕಾಡುಹಣ್ಣಿಗೂ ಹೊರಡುವ ಪ್ರಾಣಿ ಅದು. ನಮಗೆ ಕಾಣಲಿಲ್ಲ. ಅದು ಕೆದರಿ ಹೋಗಿದ್ದ ಹುತ್ತ ಕಂಡಿತು. ಆ ಕೆಂಪು ಮಣ್ಣಿನ ಮೇಲೆ ಉಗುರಿನ ಗೀರುಗಳು ಎಷ್ಟು ಹಸಿಯಾಗಿದ್ದವೆಂದರೆ ನಾವಿಬ್ಬರೂ ಮಾತಿಲ್ಲದೆ ಕಾರಿನ ಕಡೆ ಹಿಂದೆ ಸರಿದೆವು!

ಇದೇ ತಾಲ್ಲೂಕಿನ ಕುಮತಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಬೃಹತ್ ಶಿಲಾಯುಗದ ಜನ ನಿಲ್ಲಿಸಿದ ಕಲ್ಲುಗಳಿವೆ. ತಲೆ, ಹೆಗಲುಗಳ ಆಕಾರಕ್ಕೆ ಕಡಿದ ದೊಡ್ಡ ಚಪ್ಪಡಿಗಳು. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಆದರೂ ಮನುಷ್ಯ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಗುಡಿ, ಶಾಸನ, ಅಕ್ಷರ ಯಾವುದೂ ಈ ನೆಲಕ್ಕೆ ಬಂದಿರದ ಕಾಲದಲ್ಲಿ, ಸತ್ತವರ ನೆನಪಿಗೋ ದೇವರಿಗೋ, ಒಬ್ಬ ಮನುಷ್ಯ ಕಲ್ಲಿಗೆ ಮನುಷ್ಯನ ಹೆಗಲು ಕೊಟ್ಟ. ಹುಡುಗಿ ಆ ಹೆಗಲಿನ ಗೆರೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು. ಈ ಪುಟಕ್ಕೆ ಮೊಹರಿಲ್ಲ, ಅಂಚೆಗಿಂತ ಬಹಳ ಹಳೆಯ ಪುಟ ಇದು.

ಸಂಜೆಗೆ ಉಜ್ಜಿನಿ. ವೀರಶೈವರ ಪಂಚಪೀಠಗಳಲ್ಲಿ ಒಂದು. ಈ ಕಡೆಯ ಜನರ ಬಾಯಲ್ಲಿ ಒಂದು ಮಾತಿದೆ: ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು. ಅದನ್ನು ಎಷ್ಟೋ ಸಲ ಕೇಳಿದ್ದೆ, ಊರಭಿಮಾನದ ಮಾತು ಎಂದುಕೊಂಡಿದ್ದೆ. ಮರುಳಸಿದ್ಧೇಶ್ವರನ ಗುಡಿಯ ಒಳಗೆ ಕಾಲಿಟ್ಟು ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದನ್ನು ಕಾದೆ. ಮೊದಲು ಕಂಬದ ಅಂಚು ಕಂಡಿತು. ಆಮೇಲೆ ಅದರ ಮೇಲಿನ ಕುಸುರಿ. ಆಮೇಲೆ ತಲೆಯೆತ್ತಿದೆ. ಅಬ್ಬಾ! ಮಾಳಿಗೆಯ ಕಲ್ಲಿನಲ್ಲಿ ಒಂದು ಬೆರಳಿನಷ್ಟೂ ಜಾಗ ಖಾಲಿ ಬಿಡದೆ ಕೆತ್ತಿದ್ದಾರೆ. ಬಯಲಿನಲ್ಲಿ ಹರಡಿಕೊಂಡ ಹಂಪಿಯ ವೈಭವವನ್ನೇ ಮಡಚಿ ಒಂದು ಗುಡಿಯೊಳಗೆ ಇಟ್ಟರೆ ಹೀಗಿರಬಹುದು. ಜನರ ಮಾತು ಅಕ್ಷರಶಃ ನಿಜ.

ಈ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ತೈಲಾಭಿಷೇಕ ನಡೆಯುತ್ತದೆ. ಲಿಂಗಕ್ಕಲ್ಲ, ಶಿಖರಕ್ಕೆ! ಭಕ್ತರು ಕೊಡಗಳಲ್ಲಿ ಎಣ್ಣೆ ತರುತ್ತಾರೆ. ಜರಿಮಲೆ ಪಾಳೇಗಾರರ ಮನೆತನದ ಎಣ್ಣೆಗೆ ಅಲ್ಲಿ ವಿಶೇಷ ಗೌರವ. ತುದಿಯಿಂದ ಸುರಿದ ಎಣ್ಣೆ ಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಇಡೀ ಶಿಖರ ಕರ್ರಗೆ ಮಿಂಚುತ್ತದೆ. ನಾವು ಹೋದಾಗ ಜಾತ್ರೆಗೆ ಇನ್ನೂ ಎರಡು ತಿಂಗಳಿತ್ತು, ಹಣೆಗೆ ವಿಭೂತಿ ಸಿಕ್ಕಿತು. ಹುಡುಗಿ ಹೆಬ್ಬೆರಳಿಗೆ ಅದನ್ನೇ ಹಚ್ಚಿಕೊಂಡು ಪುಟಕ್ಕೆ ಒತ್ತಿದಳು. ಬೆಳ್ಳನೆಯ ಹೆಬ್ಬೆಟ್ಟಿನ ಗುರುತು. ಆಗಲೇ ನನಗೆ ಹೊಳೆದದ್ದು, ಈ ದಾರಿಯ ನಿಜವಾದ ಮುದ್ರೆಗಳು ಯಾವುವು ಎಂದು.

ರಾತ್ರಿ ಕೊಟ್ಟೂರಿನಲ್ಲಿ ಉಳಿದೆವು. ಕೊಟ್ಟೂರಿಗೆ ಬಂದು ಮಂಡಕ್ಕಿ ಮಿರ್ಚಿ ತಿನ್ನದೆ ಹೋದವರನ್ನು ನಾನು ಕಂಡಿಲ್ಲ. ಎಣ್ಣೆಯಿಂದ ಆಗಷ್ಟೇ ಎದ್ದ ಮಿರ್ಚಿ, ಒಗ್ಗರಣೆಯ ಮಂಡಕ್ಕಿ, ಪಕ್ಕದಲ್ಲಿ ಹಚ್ಚಿದ ಈರುಳ್ಳಿ. ಖಾರಕ್ಕೆ ಹುಡುಗಿಯ ಕಣ್ಣಲ್ಲಿ ನೀರು, ಕೈ ಮಾತ್ರ ಇನ್ನೊಂದಕ್ಕೆ! ಅಂಗಡಿಯಾಕೆ, "ಯವ್ವಾ, ಸಾವಕಾಶ ತಿನ್ನು, ಎಲ್ಲಿ ಓಡಿ ಹೋಕ್ಕಾವ" ಎಂದು ನೀರಿನ ಲೋಟ ಮುಂದಿಟ್ಟರು. ಪುಟದ ಮೂಲೆಯಲ್ಲಿ ಎಣ್ಣೆಯ ಕಲೆ ಉಳಿಯಿತು, ಅಳಿಸಲು ಅವಳು ಒಪ್ಪಲಿಲ್ಲ. ಅದೂ ಮುದ್ರೆಯೇ ಅಂತೆ.

ಗುರು ಕೊಟ್ಟೂರೇಶ್ವರನ ತೇರು ಎಳೆದು ಕೆಲವೇ ದಿನಗಳಾಗಿದ್ದವು. ಆ ತೇರಿಗೆ ದಾವಣಗೆರೆ, ಹರಿಹರ ಕಡೆಯಿಂದ ಜನ ನಡೆದು ಬರುತ್ತಾರೆ. ಒಬ್ಬಿಬ್ಬರಲ್ಲ, ಊರಿಗೆ ಊರೇ. ಬರಿಗಾಲಲ್ಲಿ, ಹೆಗಲಿಗೊಂದು ಚೀಲ, ಬಾಯಲ್ಲಿ ಕೊಟ್ಟೂರ ದೊರೆಯ ಹೆಸರು. ದಾರಿಬದಿಯ ಹಳ್ಳಿಯವರು ಹೊಲದಂಚಿಗೆ ಒಲೆ ಹೂಡಿ, ನಡೆದು ಬಂದವರಿಗೆ ಅನ್ನ, ಮಜ್ಜಿಗೆ ಕೊಡುತ್ತಾರೆ, ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಪರಿಚಯ ಕೇಳುವುದಿಲ್ಲ. ಕಾರಿನಲ್ಲಿ ಕೂತು ಸಾಗುವ ನಾವು ಈ ರಸ್ತೆಯ ಮೊದಲ ಯಾತ್ರಿಕರಲ್ಲ, ಇದು ಪಾದಗಳ ದಾರಿ. 2017ರ ಫೆಬ್ರುವರಿಯಲ್ಲಿ ಜನರ ಕಣ್ಣೆದುರೇ ತೇರು ವಾಲಿ ನೆಲಕ್ಕೆ ಬಿದ್ದಾಗ ಇಡೀ ಸೀಮೆ ಅತ್ತಿತ್ತು. ತೇರು ಮತ್ತೆ ಎದ್ದಿತು, ಜನ ಮತ್ತೆ ನಡೆದರು. ಬೆಳಿಗ್ಗೆ ಅಂಚೆ ಕಚೇರಿ ತೆರೆಯುವುದಕ್ಕೆ ಕಾದು ಎರಡನೇ ಮೊಹರು ಒತ್ತಿಸಿದೆವು: ಕೊಟ್ಟೂರು, 583134. ಕೂಡ್ಲಿಗಿಯದು 583135. "ಅಕ್ಕ ತಂಗಿ ನಂಬರು!" ಎಂದಳು ಹುಡುಗಿ.

ಕೊಟ್ಟೂರು ಬಿಟ್ಟು ಸ್ವಲ್ಪ ದೂರಕ್ಕೇ ಅಂಬಳಿ. ಹೊಲದ ನಡುವೆ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಲೇಶ್ವರ ಗುಡಿ. ನಾವು ಹೋದಾಗ ಒಳಗೆ ಯಾರೂ ಇರಲಿಲ್ಲ. ಎಳೆಬಿಸಿಲು ಬಾಗಿಲಿನಿಂದ ಒಳಗೆ ಬಂದು ಕಂಬದ ನುಣುಪಿಗೆ ಬಡಿದು, ಎದುರಿನ ಕಂಬದಲ್ಲಿ ನಮ್ಮ ನೆರಳು ತಲೆಕೆಳಗಾಗಿ ಕಾಣುತ್ತಿತ್ತು. ಚಾಲುಕ್ಯರ ಕಂಬಗಳ ಗುಟ್ಟು ಅದು. ಬಳಪದಂಥ ಮೆದು ಕಲ್ಲನ್ನು ತಿರುಗಿಸಿ ತಿರುಗಿಸಿ ಉಂಗುರದ ಮೇಲೆ ಉಂಗುರ ಬರುವ ಹಾಗೆ ಕಡೆದು, ಕನ್ನಡಿಯಾಗುವವರೆಗೆ ಉಜ್ಜಿದ್ದಾರೆ. ಸಾವಿರ ವರ್ಷಕ್ಕೆ ಸಮೀಪಿಸಿದ ಕನ್ನಡಿಯಲ್ಲಿ ಹನ್ನೊಂದು ವರ್ಷದ ಹುಡುಗಿ ಜಡೆ ಸರಿಮಾಡಿಕೊಂಡಳು.

ಇನ್ನು ಹರಪನಹಳ್ಳಿ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ನಕ್ಷೆಯ ಗೆರೆಗಳು ಓಡಾಡಿದವು, ಗುಡಿಗಳು ಕೂತಲ್ಲೇ ಕೂತಿದ್ದವು. ಅದರಲ್ಲೂ ಬಾಗಳಿ!

ಬಾಗಳಿಗೆ ಕಾಲಿಡುವ ಮೊದಲು ಒಬ್ಬ ಹಳೆಯ ಪ್ರಯಾಣಿಕನನ್ನು ನೆನೆಯಬೇಕು. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಮದರಾಸಿನ ಪುರಾತತ್ವ ಇಲಾಖೆಯ ಅಲೆಗ್ಸಾಂಡರ್ ರೀ ಎಂಬಾತ ಈ ಹಳ್ಳಿಗಳನ್ನು ಸುತ್ತಿ, ಗುಡಿಗಳ ನಕ್ಷೆ, ಕಂಬದ ಅಳತೆ, ಬಾಗಿಲುವಾಡದ ಒಂದೊಂದು ಬಳ್ಳಿಯ ಚಿತ್ರ ತಯಾರಿಸಿ 1896ರಲ್ಲಿ ಚಾಲುಕ್ಯರ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ಬಾಗಳಿ, ನೀಲಗುಂದ, ಕುರುವತ್ತಿ, ಹಿರೇಹಡಗಲಿ, ಮಾಗಳ, ಹಡಗಲಿ ಎಲ್ಲ ಅದರಲ್ಲಿವೆ. ಡಾಂಬರಿಲ್ಲದ ಕಾಲದಲ್ಲಿ ಆತ ಅಳೆದ ದಾರಿಯನ್ನೇ ನಾವು ಕಾರಿನಲ್ಲಿ ಅಳೆಯುತ್ತಿದ್ದೆವು. ಈ ಐದು ತಾಲ್ಲೂಕಿನ ಮೊದಲ ಪಾಸ್‌ಪೋರ್ಟ್ ಯಾವುದು ಎಂದು ಕೇಳಿದರೆ ನಾನು ಆ ಪುಸ್ತಕವನ್ನೇ ತೋರಿಸುತ್ತೇನೆ.

ಬಾಗಳಿಯ ಕಲ್ಲೇಶ್ವರ ಗುಡಿಯ ಮೂಲ ಹತ್ತನೆಯ ಶತಮಾನದ್ದು. ರಾಷ್ಟ್ರಕೂಟರ ಕಾಲ ಮುಗಿದು ಚಾಲುಕ್ಯ ತೈಲಪ ಆಳುತ್ತಿದ್ದಾಗ, 987ರ ಸುಮಾರಿನಲ್ಲಿ, ದುಗ್ಗಿಮಯ್ಯ ಎಂಬವನು ಇದನ್ನು ಕಟ್ಟಿಸಿದ. ಮುಂದಿನ ತೆರೆದ ಸಭಾಮಂಟಪದಲ್ಲಿ ಐವತ್ತು ಕಂಬ. ಐವತ್ತು! ನಾವಿಬ್ಬರೂ ಪಂಥ ಕಟ್ಟಿದೆವು: ಒಂದೇ ತರಹದ ಎರಡು ಕಂಬ ತೋರಿಸಿದವರಿಗೆ ಕಬ್ಬಿನ ಹಾಲು. ಒಂದು ದುಂಡಗೆ, ಒಂದು ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ, ಒಂದು ಗಂಟೆಯನ್ನು ಬೋರಲು ಹಾಕಿದಂತೆ, ಒಂದಕ್ಕೆ ಮುತ್ತಿನ ಸರ ಇಳಿಬಿಟ್ಟಂತೆ ಕೆತ್ತನೆ. ಒಂದೇ ಎಂದು ಕೂಗಿದಾಗಲೆಲ್ಲ ಹತ್ತಿರ ಹೋಗಿ ನೋಡಿದರೆ ಎಲ್ಲೋ ಒಂದು ಎಸಳು ಬೇರೆ. ಆ ಶಿಲ್ಪಿಗಳಿಗೆ ನಕಲು ಮಾಡುವುದೇ ಬೇಸರವಾಗಿತ್ತೇನೋ! ಗುಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸನಗಳಿವೆ. ಹಳಗನ್ನಡದ ಆ ದುಂಡು ಅಕ್ಷರಗಳ ಮೇಲೆ ಹುಡುಗಿ ಬೆರಳಾಡಿಸದೆ, ಕಣ್ಣಿನಲ್ಲೇ ಹುಡುಕಿ, ಅರ್ಧ ಗಂಟೆಯ ಮೇಲೆ ಒಂದು 'ರ', ಒಂದು 'ಗ' ಪತ್ತೆ ಮಾಡಿದಳು. ನಿಧಿ ಸಿಕ್ಕವಳ ಮುಖ. ಊರಿನ ಹಿರಿಯರೊಬ್ಬರು ಕಟ್ಟೆಯಿಂದಲೇ ನೋಡುತ್ತಿದ್ದರು. "ನಾವು ಇಲ್ಲೇ ಆಡಿ ಬೆಳೆದೀವ್ರಿ, ಹಿಂಗ ಕಂಬ ಎಣಿಸ್ಲಿಲ್ಲ ನೋಡ್ರಿ" ಎಂದು, ಎದ್ದು ಬಂದು ನಮ್ಮ ಜತೆ ತಾವೂ ಎಣಿಸತೊಡಗಿದರು.

ನೀಲಗುಂದದ ಭೀಮೇಶ್ವರ ಗುಡಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ, ಅದಕ್ಕೆ ಈಗಲೂ ವ್ಯಥೆಯಿದೆ. ಉಚ್ಚಂಗಿದುರ್ಗದ ಬೆಟ್ಟವನ್ನು ದೂರದಿಂದ ಕಂಡೆವು. ಪಾಂಡ್ಯರು ಆಳಿದ, ಹೊಯ್ಸಳರು ಕಾದಾಡಿ ಗೆದ್ದ ಕೋಟೆ ಅದು, ಉಚ್ಚೆಂಗೆಮ್ಮನಿಗೆ ಹುಣ್ಣಿಮೆ ಹುಣ್ಣಿಮೆಗೆ ಜನ ಸೇರುವ ಬೆಟ್ಟ. ಅದಕ್ಕೊಂದು ಪೂರ್ತಿ ದಿನ ಬೇಕು. ಚಿಗಟೇರಿಯಲ್ಲಿ ಮಾತ್ರ ಇಳಿದೆವು, ಏಕೆಂದರೆ ನಾರದನಿಗೆ ಗುಡಿ ಇದೆ ಎಂದರೆ ಹುಡುಗಿ ನಂಬಲಿಲ್ಲ. ಇದೆ! ಲೋಕ ಲೋಕ ಸುತ್ತುವ ಮುನಿ ಹರಪನಹಳ್ಳಿ ತಾಲ್ಲೂಕಿನ ಈ ಹಳ್ಳಿಯಲ್ಲಿ ಮನೆ ಮಾಡಿದ್ದಾನೆ. ತಿರುಗಾಟದ ಪುಸ್ತಕಕ್ಕೆ ಇದಕ್ಕಿಂತ ಒಪ್ಪುವ ದೇವರು ಯಾರು?

ಪಶ್ಚಿಮಕ್ಕೆ ಇಳಿಯುತ್ತಾ ಹೋದಂತೆ ಕೆಂಪು ಮಸಾರಿ ಮುಗಿದು ಎರೆಮಣ್ಣು ಕಾಣಿಸಿಕೊಂಡಿತು. ಗಾಳಿಯಲ್ಲಿ ನೀರಿನ ವಾಸನೆ. ತುಂಗಭದ್ರೆ! ಅವಳ ದಂಡೆಯಲ್ಲಿ ಕುರುವತ್ತಿ. ಶಿವರಾತ್ರಿಯ ಬೆನ್ನಿಗೇ ಬಸವೇಶ್ವರನ ತೇರು ಮುಗಿದಿತ್ತು, ಬೆಂಡು ಬತ್ತಾಸಿನ ಕೊನೆಯ ಅಂಗಡಿಗಳು ಗಂಟು ಕಟ್ಟುತ್ತಿದ್ದವು. ಮಲ್ಲಿಕಾರ್ಜುನ ಗುಡಿಯ ಬಾಗಿಲಿಗೆ ಬಂದು ಕಂಬದ ಮೇಲ್ತುದಿಗೆ ಕಣ್ಣು ಹಾಯಿಸಿದೆ. ಆಮೇಲೆ ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ.

ಅವಳು ಅಲ್ಲಿದ್ದಳು. ಮೈಯನ್ನು ಬಳ್ಳಿಯಂತೆ ಬಳುಕಿಸಿ, ಕಂಬಕ್ಕೂ ಸೂರಿಗೂ ನಡುವೆ ಒರಗಿ ನಿಂತ ಮದನಿಕೆ. ಸುತ್ತ ಬಳ್ಳಿಯ ಕಮಾನು, ಕಲ್ಲು ಎಂಬುದೇ ಮರೆಯುವಷ್ಟು ತೆಳುವು. ಬೇಲೂರಿನ ಮದನಿಕೆಯರನ್ನು ನೋಡಲು ಪ್ರಪಂಚವೇ ಬರುತ್ತದೆ, ಬರಲೇಬೇಕು. ಆದರೆ ಬೇಲೂರಿನ ಚನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಕುರುವತ್ತಿಯ ಈ ಗುಡಿ ಹನ್ನೊಂದನೆಯ ಶತಮಾನದ್ದು! ಕಂಬದ ತುದಿಗೆ ಹೆಣ್ಣೊಬ್ಬಳನ್ನು ಒರಗಿಸಿ ನಿಲ್ಲಿಸುವ ಆ ಕನಸನ್ನು ಹೊಯ್ಸಳರಿಗೂ ಮುಂಚೆ ಇಲ್ಲಿ, ಈ ಹೊಳೆದಂಡೆಯ ಹಳ್ಳಿಯಲ್ಲಿ, ಯಾರೋ ಕಂಡಿದ್ದರು. ಬೇಲೂರಿನ ಮದನಿಕೆಯರ ಅಕ್ಕಂದಿರು ಇಲ್ಲಿದ್ದಾರೆ. ನಾವು ನಿಂತಿದ್ದ ಒಂದು ತಾಸಿನಲ್ಲಿ ಅವರನ್ನು ನೋಡಲು ಬೇರೆ ಯಾರೂ ಬರಲಿಲ್ಲ. ಇದನ್ನು ಬರೆಯುವಾಗ ಗಂಟಲು ಕಟ್ಟುತ್ತದೆ. ಕನ್ನಡ ನಾಡಿನ ಶಾಲಾಮಕ್ಕಳ ಪ್ರವಾಸದ ಬಸ್ಸುಗಳು ಯಾಕೆ ಇಲ್ಲಿಗೆ ತಿರುಗುವುದಿಲ್ಲ?

ಹೊಳೆಯಲ್ಲಿ ಕಾಲಿಳಿಬಿಟ್ಟು ಕೂತೆವು. ಹುಡುಗಿ ಒದ್ದೆ ಮರಳಿಗೆ ಬೆರಳೊತ್ತಿ, ಆ ಬೆರಳನ್ನು ಪುಟಕ್ಕೊತ್ತಿದಳು. ನಾಲ್ಕೈದು ಮರಳಕಣ ಅಂಟಿಕೊಂಡವು, ಇವತ್ತಿಗೂ ಅಲ್ಲಿವೆ.

ಮೂರನೆಯ ದಿನ ಮೈಲಾರದಿಂದ ಶುರು. ಭರತ ಹುಣ್ಣಿಮೆಯ ಜಾತ್ರೆಗೆ ಇಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಡೆಂಕನಮರಡಿಯ ಬಯಲು ಅಂದು ಬರೀ ತಲೆಗಳ ಸಮುದ್ರ. ಉಪವಾಸ ಮಾಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ, ತುದಿಯಲ್ಲಿ ನಿಂತು ಆಕಾಶ ದಿಟ್ಟಿಸುತ್ತಾನೆ. "ಸದ್ದಲೇ!" ಎನ್ನುತ್ತಾನೆ. ಲಕ್ಷ ಜನರ ಗದ್ದಲ ಒಮ್ಮೆಗೇ ನಿಂತು ಹೋಗುತ್ತದೆ. ಆ ನಿಶ್ಶಬ್ದದಲ್ಲಿ ಒಂದೇ ಒಂದು ಮಾತು, ಕಾರ್ಣಿಕ, ನುಡಿದು ಅಲ್ಲಿಂದಲೇ ಕೆಳಗೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ಒಂದು ಮಾತಿನಲ್ಲಿ ಮಳೆ, ಬೆಳೆ, ರಾಜ್ಯ ಎಲ್ಲವನ್ನೂ ರೈತರು ವರ್ಷವಿಡೀ ಬಿಡಿಸಿಕೊಳ್ಳುತ್ತಾರೆ. ನಾನು ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ನಿಶ್ಶಬ್ದವನ್ನು ಕೇಳಿದ್ದೇನೆ. ಅಷ್ಟು ದೊಡ್ಡ ಮೌನವನ್ನು ಆಮೇಲೆ ಎಲ್ಲಿಯೂ ಕೇಳಿಲ್ಲ.

ಜಾತ್ರೆ ಮುಗಿದಿದ್ದರೂ ಕಲ್ಲುಗಳೆಲ್ಲ ಇನ್ನೂ ಹಳದಿ. ಕಂಬಳಿ ಹೊದ್ದು, ಕರಡಿಕೂದಲ ಟೋಪಿ ಹಾಕಿ, ಡಮರುಗ ಹಿಡಿದ ಗೊರವರೊಬ್ಬರು ಹುಡುಗಿಯ ಹಣೆಗೆ ಭಂಡಾರ ಬಳಿದು, "ಏಳುಕೋಟಿ!" ಎಂದರು. ಅವಳು ಪುಸ್ತಕವನ್ನೂ ಮುಂದೆ ಹಿಡಿದಳು. ಅವರಿಗೆ ಏನನ್ನಿಸಿತೋ, ಒಂದು ಕ್ಷಣ ಅವಳ ಮುಖ ನೋಡಿ, ಪುಸ್ತಕದ ಆ ಪುಟಕ್ಕೂ ಅಷ್ಟೇ ಭಕ್ತಿಯಿಂದ ಭಂಡಾರ ಹಚ್ಚಿದರು.

ಹಿರೇಹಡಗಲಿಯಲ್ಲಿ ನನ್ನ ಸರದಿ. ಇಲ್ಲಿನ ಕಲ್ಲೇಶ್ವರ ಗುಡಿಯನ್ನು 1057ರಲ್ಲಿ ಕಟ್ಟಿಸಿದವನು ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ. ಹೊರಗೋಡೆಯ ಕೆತ್ತನೆಗೆ ಎರಡು ಕಣ್ಣು ಸಾಲದು. ಆದರೆ ನಾನು ಈ ಊರಿಗೆ ಬಂದದ್ದು ಅದಕ್ಕಿಂತ ಏಳು ಶತಮಾನ ಹಿಂದಿನ ಸಂಗತಿಗೆ. ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಲೋಕಕ್ಕೆ ಗೊತ್ತಿರುವುದು ಹಿರೇಹಡಗಲಿಯ ಹೆಸರಿನಲ್ಲಿ. ನಾಲ್ಕನೆಯ ಶತಮಾನ, ಭಾಷೆ ಪ್ರಾಕೃತ, ಹೊರಡಿಸಿದ್ದು ಕಂಚಿಯಿಂದ. ಅದರಲ್ಲಿ ಈ ಸೀಮೆಯ ಹೆಸರಿದೆ: ಸಾತಾಹನಿರಟ್ಠ. ಸಾತವಾಹನರ ನೆನಪು ಇನ್ನೂ ನೆಲದ ಹೆಸರಿನಲ್ಲಿ ಅಂಟಿಕೊಂಡಿದ್ದ ಕಾಲ! ಅರಸನ ಮುದ್ರೆ ಹೊತ್ತು, ಊರಿಂದೂರಿಗೆ ಸಾಗಿ, ಇಂಥವರಿಗೆ ಇಂಥ ನೆಲ ಎಂದು ಸಾರುವ ತಾಮ್ರದ ಹಾಳೆಗಳು. ಮುದ್ರೆ ಒತ್ತಿದ ಹಾಳೆ ಹಿಡಿದು ಈ ಊರಿಗೆ ಬಂದವರಲ್ಲಿ ನಾವು ಎಷ್ಟನೆಯವರೋ ಎಂದುಕೊಂಡಾಗ ಮೈ ಜುಮ್ಮೆಂದಿತು.

ಹೂವಿನಹಡಗಲಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ವಿಜಯನಗರದ ಅರಸರ ಪೂಜೆಗೆ ಇಲ್ಲಿಂದ ಹಡಗುಗಳಲ್ಲಿ ಹೂವು ತುಂಗಭದ್ರೆಯ ಮೇಲೆ ತೇಲಿ ಹಂಪಿಗೆ ಹೋಗುತ್ತಿತ್ತು, ಅದಕ್ಕೇ ಹೂವಿನ ಹಡಗಲಿ ಎಂಬುದು ಜನರ ನಂಬಿಕೆ. ಹೂವಂತೂ ಕಣ್ಣಮುಂದಿದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಸುಗ್ಗಿ ಆಗಷ್ಟೇ ತಲೆಯೆತ್ತುತ್ತಿತ್ತು. ಮಾಲೆ ಕಟ್ಟುತ್ತಿದ್ದ ಅಜ್ಜಿ ಒಂದು ಮೊಗ್ಗನ್ನು ಹುಡುಗಿಯ ಪುಟದ ನಡುವೆ ಇಟ್ಟು, ಪುಸ್ತಕ ಮುಚ್ಚಿ, ಮೇಲೆ ಅಂಗೈಯಿಂದ ಗಟ್ಟಿಯಾಗಿ ಒತ್ತಿದರು. "ಹೂಂ, ಇದು ನಮ್ಮೂರ ಶಿಕ್ಕ!" ಎಂದರು. ಅಂಚೆ ಕಚೇರಿಯ ಮೊಹರು ಅದರ ಪಕ್ಕದ ಪುಟಕ್ಕೆ ಬಿತ್ತು, 583219. ಊರಿನ ಕೇಶವ ಗುಡಿಯನ್ನು 1090ರಲ್ಲಿ ಕಟ್ಟಿಸಿದ್ದು ಒಬ್ಬ ಹೆಣ್ಣುಮಗಳು, ದಂಡನಾಯಕ ರವಿದೇವನ ಹೆಂಡತಿ ರೆಬ್ಬಲದೇವಿ. ಆ ಹೆಸರನ್ನು ಹುಡುಗಿ ದೊಡ್ಡ ಅಕ್ಷರದಲ್ಲಿ ಬರೆದು ಎರಡು ಗೆರೆ ಎಳೆದಳು.

ಕೊನೆಗೆ ಹಗರಿಬೊಮ್ಮನಹಳ್ಳಿ. ಕಚೇರಿ ಮುಚ್ಚುವ ಹೊತ್ತಿಗೆ ಓಡಿ ಹೋಗಿ ಐದನೆಯ ಮೊಹರು ಒತ್ತಿಸಿದೆವು, 583212. ಅಲ್ಲಿಂದ ಅಂಕಸಮುದ್ರ ಕೆರೆಗೆ. ಏರಿಯ ಮೇಲೆ ಹತ್ತುವ ಮೊದಲೇ ಸದ್ದು ಕೇಳಿತು. ಸಂತೆಯ ಸದ್ದಿನ ಹಾಗೆ, ಆದರೆ ಮನುಷ್ಯರದಲ್ಲ. ಏರಿ ಹತ್ತಿ ನಿಂತೆವು.

ನೀರಿನಲ್ಲಿ ಮೊಣಕಾಲುದ್ದ ನಿಂತ ಕರಿಜಾಲಿ ಮರಗಳು. ಪ್ರತಿ ಮರದ ಪ್ರತಿ ಟೊಂಗೆಯ ಮೇಲೂ ಹಕ್ಕಿ! ಗುಲಾಬಿ ರೆಕ್ಕೆಯಂಚಿನ ಬಣ್ಣದ ಕೊಕ್ಕರೆಗಳು ಗೂಡಿನಲ್ಲಿ ಮರಿಗಳಿಗೆ ಗುಟುಕು ಕೊಡುತ್ತಿದ್ದವು, ಕರಿತಲೆಯ ಕೆಂಬರಲುಗಳು ಬಾಗಿದ ಕೊಕ್ಕಿನಿಂದ ಕೆಸರು ಕೆದಕುತ್ತಿದ್ದವು, ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದವು. ಸುಮಾರು 98 ಹೆಕ್ಟೇರಿನ ಈ ಕೆರೆಯಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಆಶ್ರಯ ಪಡೆಯುತ್ತವೆ. ಊರಿನ ಹೊಲಗಳಿಗೆಂದು ಕಟ್ಟಿದ ಕೆರೆ ಇದು. 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶವಾಯಿತು, 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವಾಯಿತು. ರಂಗನತಿಟ್ಟಿನ ನಂತರ, ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆಯ ಜತೆ, ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಹೆಸರು ಅಂಕಸಮುದ್ರ. ಗಡಿಗೆ ಗಡಿ ದಾಟಿ ಹಾರುವ ಹಕ್ಕಿಗಳಿಗೆ ಪಾಸ್‌ಪೋರ್ಟು ಬೇಕಿಲ್ಲ. ಇಳಿಯಲು ಒಂದು ಕೆರೆ ಬೇಕು, ಅದನ್ನು ಈ ಊರು ಉಳಿಸಿಕೊಂಡಿದೆ.

ಏರಿಯ ಮೇಲೆ ಒಂದು ಗರಿ ಬಿದ್ದಿತ್ತು. ಹುಡುಗಿ ಬಗ್ಗಿದಳು, ನಿಂತಳು, ಎತ್ತಿಕೊಳ್ಳಲಿಲ್ಲ. ಪಕ್ಕದಲ್ಲೇ ಕೂತು ಅದರ ಚಿತ್ರ ಬರೆದಳು. ಬರೆದು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿ, ಮೇಯಲು ಹೋಗಿದ್ದ ಹಕ್ಕಿಗಳೆಲ್ಲ ಸಾಲುಸಾಲಾಗಿ ಮರಳತೊಡಗಿದ್ದವು.

ಅಂಚೆ ಇಲಾಖೆಗೆ ನನ್ನದೊಂದು ಮನವಿ. ದೇಶದ ಹಲವು ಪ್ರಸಿದ್ಧ ತಾಣಗಳ ಅಂಚೆ ಕಚೇರಿಗಳಲ್ಲಿ ಆಯಾ ತಾಣದ ಚಿತ್ರವಿರುವ ಶಾಶ್ವತ ಮುದ್ರೆಗಳಿವೆ. ಕುರುವತ್ತಿಯ ಮದನಿಕೆ, ಹಡಗಲಿಯ ಮಲ್ಲಿಗೆ, ಅಂಕಸಮುದ್ರದ ಕೊಕ್ಕರೆ, ಕೊಟ್ಟೂರಿನ ತೇರು, ಕೂಡ್ಲಿಗಿಯ ಸ್ಮಾರಕ: ಈ ಐದಕ್ಕೂ ಅಂಥ ಮುದ್ರೆ ಮಾಡಿಸಿಕೊಡಿ. ಜಿಲ್ಲಾಡಳಿತ ಅದಕ್ಕೊಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಲಿ, ಶಾಲೆ ಶಾಲೆಗೆ ಹಂಚಲಿ. ಹಂಪಿಗೆ ಬಂದವರು ಒಂದೆರಡು ದಿನ ಈ ಕಡೆ ತಿರುಗುತ್ತಾರೆ.

ಅಲ್ಲಿಯವರೆಗೆ ಕಾಯಬೇಡಿ. ನೂರು ಹಾಳೆಯ ಒಂದು ನೋಟುಪುಸ್ತಕ, ಒಂದಷ್ಟು ಅಂಚೆಚೀಟಿ ಸಾಕು. ಹಳ್ಳಿಯ ಅಂಚೆ ಕಚೇರಿ ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ, ಭಾನುವಾರ ಇರುವುದಿಲ್ಲ. ಬೆಳಿಗ್ಗೆ ಬೇಗ ಹೊರಡಿ.